ಧ್ವಜಕಂಬದ ನೆರಳಿನಲ್ಲಿ ಋತುಪಾಠ

ಜೂನ್ 21ರ ನಡುಮಧ್ಯಾಹ್ನ ಮೋಡ ಸರಿದು ಬಿಸಿಲು ಬಿದ್ದರೆ, ರಾಮನಗರದ ಯಾವ ಶಾಲೆಯ ಅಂಗಳದಲ್ಲಿ ಕೋಲು ನೆಟ್ಟರೂ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಡಿಸೆಂಬರ್ 21ರಂದು ಅದೇ ಕೋಲಿನ ನೆರಳು ಉತ್ತರಕ್ಕೆ ಚಾಚಿಕೊಂಡು, ಸುಮಾರು ನಾಲ್ಕು ಪಟ್ಟು ಉದ್ದವಾಗಿರುತ್ತದೆ. ಲಂಡನ್ನಿನ ಮಗು ತನ್ನೂರಿನಲ್ಲಿ ಇದನ್ನು ಎಂದೂ ನೋಡಲಾರದು. ದೆಹಲಿಯ ಮಗುವೂ ನೋಡಲಾರದು, ಏಕೆಂದರೆ ಅಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣದ ಕಡೆಗೇ ವಾಲಿರುತ್ತಾನೆ. ನೆರಳು ಮಗ್ಗಲು ಬದಲಿಸುವ ಈ ನೋಟ ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವೆ ಬದುಕುವವರಿಗೆ ಮಾತ್ರ ದಕ್ಕಿದ್ದು. ಆದರೆ ಹಗಲಿರುಳು ಸಮನಾಗುವ ಸಮದಿನವನ್ನೂ ಋತುಗಳನ್ನೂ ಕಲಿಸಲು ಹೊರಟಾಗ ನಾವು ಸಾಮಾನ್ಯವಾಗಿ ಅಂಗಳಕ್ಕೆ ಇಳಿಯುವುದಿಲ್ಲ, ಹಲಗೆಯ ಮೇಲೊಂದು ಚಿತ್ರ ಬರೆಯುತ್ತೇವೆ. ಆ ಚಿತ್ರ ಹುಟ್ಟಿದ್ದು ದೂರದ ಉತ್ತರ ಅಕ್ಷಾಂಶಗಳ ಅನುಭವದಿಂದ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಿರುವುದು 12.5ರಿಂದ 13 ಡಿಗ್ರಿ ಉತ್ತರದಲ್ಲಿ. ಇಲ್ಲಿ ಸೂರ್ಯನ ಲೆಕ್ಕ ಒಂದು, ಹವೆಯ ಲೆಕ್ಕ ಇನ್ನೊಂದು. ಎರಡನ್ನೂ ಮೊದಲು ಬೇರೆಬೇರೆಯಾಗಿ ಕಾಣಿಸಿ ಆಮೇಲೆ ಜೋಡಿಸಿದರೆ ಮಾತ್ರ ಇಲ್ಲಿನ ಮಗುವಿಗೆ ಋತು ಅರ್ಥವಾಗುತ್ತದೆ ಎಂಬುದು ನನ್ನ ವಾದ.

ಹಲಗೆಯ ಚಿತ್ರವನ್ನೇ ಮೊದಲು ನೋಡೋಣ. ನಡುವೆ ಸೂರ್ಯ, ಸುತ್ತ ಅಂಡಾಕಾರದ ಕಕ್ಷೆ, ನಾಲ್ಕು ಕಡೆ ವಾಲಿ ನಿಂತ ನಾಲ್ಕು ಭೂಮಿಗಳು. ಕಕ್ಷೆಯನ್ನು ಓರೆಯಿಂದ ನೋಡಿದಂತೆ ಬರೆಯುವುದರಿಂದ ಅದು ಚಪ್ಪಟೆಯಾಗಿ ಕಾಣುತ್ತದೆ, ಎರಡು ತುದಿಗಳು ಸೂರ್ಯನಿಂದ ದೂರ, ಎರಡು ಮಗ್ಗಲು ಹತ್ತಿರ. ಅದನ್ನು ನೋಡಿದ ಮಗು ಹತ್ತಿರವಾದಾಗ ಬೇಸಿಗೆ, ದೂರವಾದಾಗ ಚಳಿಗಾಲ ಎಂದು ತಾನೇ ತೀರ್ಮಾನಿಸಿಕೊಂಡರೆ ತಪ್ಪು ಮಗುವಿನದಲ್ಲ. ಭೂಮಿಯ ನಿಜವಾದ ಕಕ್ಷೆಯನ್ನು 30 ಸೆಂಟಿಮೀಟರ್ ಅಗಲಕ್ಕೆ ಬರೆದರೆ ಉದ್ದಕ್ಕೂ ಅಡ್ಡಕ್ಕೂ ಇರುವ ವ್ಯತ್ಯಾಸ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗವೂ ಆಗುವುದಿಲ್ಲ. ಪೆನ್ಸಿಲ್ ಗೆರೆಯೇ ಅದಕ್ಕಿಂತ ದಪ್ಪ. ಈ ತಪ್ಪು ಗ್ರಹಿಕೆ ಎಷ್ಟು ಗಟ್ಟಿ ಎಂಬುದಕ್ಕೆ 1987ರ ‘ಎ ಪ್ರೈವೇಟ್ ಯೂನಿವರ್ಸ್’ ಸಾಕ್ಷ್ಯಚಿತ್ರ ಹೆಸರಾದ ಉದಾಹರಣೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಘಟಿಕೋತ್ಸವದ ದಿನ ಅಲ್ಲಿನ 23 ಜನ ವಿದ್ಯಾರ್ಥಿಗಳು, ಅಧ್ಯಾಪಕರು, ಹಳೆಯ ವಿದ್ಯಾರ್ಥಿಗಳನ್ನು ನಿಲ್ಲಿಸಿ ಋತುಗಳ ಕಾರಣವನ್ನೋ ಚಂದ್ರನ ಕಲೆಗಳ ಕಾರಣವನ್ನೋ ಕೇಳಿದಾಗ 21 ಜನ ಎಡವಿದರು. ವಾಸ್ತವದಲ್ಲಿ ಭೂಮಿ ಸೂರ್ಯನಿಗೆ ತೀರ ಹತ್ತಿರ ಬರುವುದು ಜನವರಿಯ ಮೊದಲ ವಾರ, ಆಗ ದೂರ ಸುಮಾರು 14 ಕೋಟಿ 71 ಲಕ್ಷ ಕಿಲೋಮೀಟರ್. ತೀರ ದೂರವಾಗುವುದು ಜುಲೈ ಮೊದಲ ವಾರ, ಸುಮಾರು 15 ಕೋಟಿ 21 ಲಕ್ಷ. ಮಾಗಡಿಯ ಹೊಲಗಳಲ್ಲಿ ಅವರೆ ಬಳ್ಳಿ ಇಬ್ಬನಿಯಲ್ಲಿ ನೆನೆದು ನಿಂತಿರುವ ಜನವರಿಯಲ್ಲೇ ಸೂರ್ಯ ನಮಗೆ ಅತಿ ಹತ್ತಿರ ಎಂದು ಹೇಳಿದರೆ ಸಾಕು, ದೂರದ ವಾದ ಮಗುವಿನ ಎದುರಿಗೇ ಕುಸಿಯುತ್ತದೆ. ದೂರದಲ್ಲಿದ್ದಾಗ ಭೂಮಿಯ ಓಟ ನಿಧಾನ, ಹಾಗಾಗಿ ಮಾರ್ಚ್ 20ರ ಸಮದಿನದಿಂದ ಸೆಪ್ಟೆಂಬರ್ 23ರ ಸಮದಿನದವರೆಗೆ 187 ದಿನ ಬೇಕು, ಅಲ್ಲಿಂದ ಮರಳಿ ಮಾರ್ಚ್‌ಗೆ 178 ದಿನ ಸಾಕು. ಗೋಡೆಯ ಕ್ಯಾಲೆಂಡರಿನಲ್ಲಿ ದಿನ ಎಣಿಸಿಯೇ ಇದನ್ನು ಖಚಿತ ಮಾಡಿಕೊಳ್ಳಬಹುದು.

ದೂರದ ವಾದ ಬಿದ್ದುಹೋದ ಮೇಲೆ ಉಳಿಯುವುದು 23½ ಡಿಗ್ರಿ ವಾಲಿದ ಅಕ್ಷ. ಯುರೋಪಿನಲ್ಲಿ ಪಾಠ ಇಲ್ಲಿಗೆ ಹೆಚ್ಚುಕಡಿಮೆ ಮುಗಿಯುತ್ತದೆ: ಸೂರ್ಯ ಮೇಲೆ ಬಂದ, ಹಗಲು ಹಿಗ್ಗಿತು, ಬೇಸಿಗೆ ಬಂತು. ನಮ್ಮಲ್ಲಿ ನಿಜವಾದ ಪಾಠ ಶುರುವಾಗುವುದೇ ಇಲ್ಲಿಂದ. ರಾಮನಗರದಲ್ಲಿ ಸೂರ್ಯ ನೆತ್ತಿಯ ನೇರಕ್ಕೆ ಬರುವುದು ವರ್ಷಕ್ಕೆ ಎರಡು ಸಲ, ಏಪ್ರಿಲ್ 24ರ ಆಸುಪಾಸು ಒಮ್ಮೆ, ಆಗಸ್ಟ್ 19ರ ಆಸುಪಾಸು ಇನ್ನೊಮ್ಮೆ. ಎರಡು ದಿನವೂ ಸೂರ್ಯನ ಎತ್ತರ ಒಂದೇ, ಹಗಲಿನ ಉದ್ದವೂ ಒಂದೇ. ಆದರೂ ಏಪ್ರಿಲ್‌ನಲ್ಲಿ ಬಂಡೆಗಳು ಕಾದು ಕೆಂಡವಾಗಿರುತ್ತವೆ, ರೇಷ್ಮೆ ಹುಳು ಮನೆಗಳ ಕಿಟಕಿಗಳಿಗೆ ಗೋಣಿತಾಟು ಕಟ್ಟಿ ನೀರು ಚಿಮುಕಿಸುತ್ತಿರುತ್ತಾರೆ. ಆಗಸ್ಟ್‌ನಲ್ಲಿ ರಾಗಿ ಹೊಲದ ಮೇಲೆ ಮೋಡ ಕವಿದು ಜಿಟಿಜಿಟಿ ಮಳೆ. ವಾಲಿದ ಅಕ್ಷ ಒಂದೇ ಋತುವಿಗೆ ಕಾರಣವಾಗಿದ್ದರೆ ಈ ಎರಡು ದಿನಗಳು ಒಂದೇ ತರಹ ಇರಬೇಕಿತ್ತು. ಹಾಗಿಲ್ಲ ಎಂದರೆ ನಡುವೆ ಬೇರೇನೋ ಬಂದಿದೆ. ಅದು ಮುಂಗಾರು. ಮಾರ್ಚ್‌ನಲ್ಲಿ ಸೂರ್ಯ ಸಮಭಾಜಕ ವೃತ್ತ ದಾಟಿ ಉತ್ತರಕ್ಕೆ ಬಂದಾಗ ನೆಲ ಬೇಗ ಕಾಯುತ್ತದೆ, ಸಮುದ್ರ ನಿಧಾನವಾಗಿ ಕಾಯುತ್ತದೆ. ಈ ವ್ಯತ್ಯಾಸ ಬೆಳೆದು ಗಾಳಿಯ ದಿಕ್ಕು ಬದಲಾಗಿ, ತೇವ ತುಂಬಿದ ಗಾಳಿ ಕೇರಳದ ಕರಾವಳಿ ಮುಟ್ಟುವುದು ವಾಡಿಕೆಯಂತೆ ಜೂನ್ 1ಕ್ಕೆ. ಆ ಮೋಡವೇ ನಮ್ಮ ಬೇಸಿಗೆಗೆ ತೆರೆ ಎಳೆಯುತ್ತದೆ. ಅಂದರೆ ಸೂರ್ಯನೇ ಎಬ್ಬಿಸಿದ ಮಳೆ ಸೂರ್ಯನನ್ನೇ ಮುಚ್ಚುತ್ತದೆ. ಲಂಡನ್ನಿನ ಪಾಠದಲ್ಲಿ ಇರಲಾರದ ಈ ತಿರುವು ನಮ್ಮ ಪಾಠದ ಜೀವ. ಭಾರತೀಯ ಹವಾಮಾನ ಇಲಾಖೆ ವರ್ಷವನ್ನು ವಿಭಜಿಸುವುದೂ ಹೀಗೆಯೇ: ಜನವರಿ–ಫೆಬ್ರುವರಿ ಚಳಿಗಾಲ, ಮಾರ್ಚ್‌ನಿಂದ ಮೇವರೆಗೆ ಮುಂಗಾರು ಪೂರ್ವ, ಜೂನ್‌ನಿಂದ ಸೆಪ್ಟೆಂಬರ್ ಮುಂಗಾರು, ಅಕ್ಟೋಬರ್‌ನಿಂದ ಡಿಸೆಂಬರ್ ಹಿಂಗಾರು. ವಿಭಜನೆ ಪೂರಾ ಮಳೆಯ ಸುತ್ತ ನಿಂತಿದೆ. ಮಾರ್ಚ್ 20ಕ್ಕೆ ವಸಂತ ಶುರು ಎಂದು ಇಲ್ಲಿನ ಮಗುವಿಗೆ ಹೇಳುವ ಹೊತ್ತಿಗೆ ತೋಪುಗಳಲ್ಲಿ ಮಾವಿನ ಮಿಡಿ ಕಾಯಾಗುತ್ತಿರುತ್ತದೆ.

ಇದಕ್ಕೆ ಒಂದು ಆಕ್ಷೇಪ ಬರುತ್ತದೆ. ಸಮಭಾಜಕಕ್ಕೆ ಇಷ್ಟು ಹತ್ತಿರ ಇರುವ ಊರಿನಲ್ಲಿ ಹಗಲಿರುಳಿನ ವ್ಯತ್ಯಾಸ ಅಷ್ಟಕ್ಕಷ್ಟೆ, ಅದನ್ನು ಹಿಡಿದು ಇಷ್ಟೆಲ್ಲ ಮಾಡುವುದೇಕೆ ಎಂದು. ವ್ಯತ್ಯಾಸ ಸಣ್ಣದೆಂಬುದು ನಿಜ. ರಾಮನಗರದ ಅತಿ ದೊಡ್ಡ ಹಗಲು ಸುಮಾರು 12 ಗಂಟೆ 52 ನಿಮಿಷ, ಅತಿ ಚಿಕ್ಕದು 11 ಗಂಟೆ 22 ನಿಮಿಷ. ಒಂದೂವರೆ ಗಂಟೆಯ ಅಂತರ. ಲಂಡನ್ನಿನಲ್ಲಿ ಆ ಅಂತರ ಎಂಟೂಮುಕ್ಕಾಲು ಗಂಟೆ ದಾಟುತ್ತದೆ. ಆದರೆ ನಮಗೆ ಗೊತ್ತಾಗದ ಈ ಒಂದೂವರೆ ಗಂಟೆ ಅವರೆಗೆ ಗೊತ್ತಾಗುತ್ತದೆ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಬಿತ್ತುವ ನಾಟಿ ಅವರೆ ಹಗಲು ಮೊಟಕಾಗದೆ ಹೂ ಕಟ್ಟುವುದಿಲ್ಲ. ಮುಂಚೆ ಬಿತ್ತಿದರೆ ಬಳ್ಳಿ ಹಬ್ಬುತ್ತದೆ, ಎಲೆ ದಟ್ಟವಾಗುತ್ತದೆ, ಹೂವು ಮಾತ್ರ ತನ್ನ ಕಾಲಕ್ಕೇ. ಸೆಪ್ಟೆಂಬರ್‌ನ ಸಮದಿನ ಕಳೆದು ರಾತ್ರಿ ಹಗಲಿಗಿಂತ ದೀರ್ಘವಾಗುತ್ತ ಹೋದಂತೆ ಮೊಗ್ಗು ಮೂಡಿ, ಡಿಸೆಂಬರ್–ಜನವರಿಗೆ ಸೊಗಡು ತುಂಬಿದ ಕಾಯಿ ಸಂತೆಗೆ ಬರುತ್ತದೆ. ಸಂಕ್ರಾಂತಿಯ ಹೊತ್ತಿಗೆ ಮನೆಮನೆಯಲ್ಲಿ ಹಿತಕಿದ ಬೇಳೆ ಸಾರು ಆಗುವುದರ ಹಿಂದೆ ಭೂಮಿಯ ವಾಲಿದ ಅಕ್ಷ ಇದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ ತಳಿಗಳನ್ನು ರೂಪಿಸಿದ್ದು ಈ ಕಟ್ಟನ್ನು ಬಿಡಿಸಲಿಕ್ಕೆ. ಅವು ಹಗಲಿನ ಉದ್ದವನ್ನು ಲೆಕ್ಕಿಸುವುದಿಲ್ಲ, ಹಾಗಾಗಿ ವರ್ಷದ ಯಾವ ಕಾಲದಲ್ಲಾದರೂ ಕಾಯಿ ಬಿಡುತ್ತವೆ. ನಾಟಿ ಅವರೆಯ ಒಂದು ಸಾಲು, ಹೆಬ್ಬಾಳ ಅವರೆಯ ಒಂದು ಸಾಲು, ಎರಡನ್ನೂ ಜೂನ್‌ನಲ್ಲಿ ಶಾಲೆಯ ಕೈತೋಟದಲ್ಲಿ ಒಂದೇ ದಿನ ಬಿತ್ತಿ ಯಾವುದು ಯಾವಾಗ ಹೂ ಬಿಟ್ಟಿತೆಂದು ಬರೆದಿಟ್ಟರೆ, ಸಮದಿನದ ಬಗ್ಗೆ ಅದಕ್ಕಿಂತ ಒಳ್ಳೆಯ ಪ್ರಯೋಗ ನನಗೆ ತೋಚುವುದಿಲ್ಲ. ಮಾವಿಗೆ ಹೂ ತರಿಸುವುದು ಬೇರೆ ಕಾರಣ, ಮುಖ್ಯವಾಗಿ ಚಳಿಯ ರಾತ್ರಿಗಳು. ರೇಷ್ಮೆ ಹುಳುವಿಗೆ ಬೇಕಾದದ್ದು ಹದವಾದ ಶಾಖ ಮತ್ತು ತೇವ. ಒಂದು ಬೆಳೆ ಹಗಲನ್ನು ಅಳೆಯುತ್ತದೆ, ಇನ್ನೊಂದು ಹವೆಯನ್ನು. ಎರಡು ಲೆಕ್ಕಗಳು ಬೇರೆ ಎಂದೆನಲ್ಲ, ಆ ಬೇರೆತನ ಈ ಜಿಲ್ಲೆಯ ಹೊಲ–ತೋಟಗಳಲ್ಲೇ ಎದ್ದು ಕಾಣುತ್ತದೆ.

ಇನ್ನೊಂದು ಆಕ್ಷೇಪ ಮೇಷ್ಟರುಗಳದ್ದು, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮಾರ್ಚ್ 20 ಪರೀಕ್ಷೆಯ ಕಾಲ. ಸೆಪ್ಟೆಂಬರ್ 23ಕ್ಕೆ ಮೋಡ, ನಮ್ಮ ಸೀಮೆಯಲ್ಲಿ ಸೆಪ್ಟೆಂಬರ್–ಅಕ್ಟೋಬರ್‌ನಲ್ಲೇ ಮಳೆ ಜೋರು. ಏಪ್ರಿಲ್ 24ರ ಶೂನ್ಯ ನೆರಳಿನ ದಿನ ಬೇಸಿಗೆ ರಜೆಯಲ್ಲಿ ಕಳೆದುಹೋಗುತ್ತದೆ, ಆಗಸ್ಟ್‌ನದ್ದು ಮೋಡದಲ್ಲಿ. ಇಂಥ ಸ್ಥಿತಿಯಲ್ಲಿ ನೆರಳು ಅಳೆಯಿರಿ ಎಂದರೆ ಹೇಗೆ? ಒಂದು ದಿನಕ್ಕೆ ಪಾಠವನ್ನು ಕಟ್ಟಿಹಾಕಿದರೆ ಈ ಕಷ್ಟ ಇದ್ದದ್ದೇ. ವರ್ಷಕ್ಕೆ ಹರಡಿದರೆ ಇಲ್ಲ. ಪ್ರತಿ ಶಾಲೆಯಲ್ಲೂ ಈಗಾಗಲೇ ಒಂದು ನೆರಳುಕಂಬ ನಿಂತಿದೆ, ಧ್ವಜಕಂಬ. ಬಾವುಟ ಏರಿಸುವ ಮೂರು ದಿನಗಳು ಶಾಲೆಯ ವರ್ಷದಲ್ಲಿ ಎಂದೂ ತಪ್ಪದ ದಿನಗಳು. ಕಂಬ 5 ಮೀಟರ್ ಎತ್ತರದ್ದಾದರೆ ಆಗಸ್ಟ್ 15ರ ನಡುಮಧ್ಯಾಹ್ನ ಅದರ ನೆರಳು ಬುಡದಲ್ಲೇ ಒಂದು ಗೇಣೂ ಇಲ್ಲದಷ್ಟು, ದಕ್ಷಿಣಕ್ಕೆ ಸುಮಾರು 11 ಸೆಂಟಿಮೀಟರ್. ನವೆಂಬರ್ 1ರ ರಾಜ್ಯೋತ್ಸವಕ್ಕೆ ಉತ್ತರಕ್ಕೆ ಸುಮಾರು ಎರಡೂವರೆ ಮೀಟರ್. ಜನವರಿ 26ಕ್ಕೆ ಮೂರು ಮೀಟರ್ ದಾಟುತ್ತದೆ. ಮೂರೂ ದಿನ ಮೋಡ ಇರುವುದು ಅಪರೂಪ. ಒಂದು ವರ್ಷ ತಪ್ಪಿದರೆ ಮುಂದಿನ ವರ್ಷದ ತರಗತಿ ಅದನ್ನು ತುಂಬಿಸುತ್ತದೆ, ಅಳತೆ ಬರೆದಿಡುವ ಪುಸ್ತಕ ಒಂದೇ ಇರಲಿ. ನಡುಮಧ್ಯಾಹ್ನವೆಂದರೆ ಗಡಿಯಾರದ 12 ಅಲ್ಲ. ಭಾರತದ ಸಮಯವನ್ನು 82½ ಡಿಗ್ರಿ ರೇಖಾಂಶಕ್ಕೆ ಹೊಂದಿಸಿರುವುದರಿಂದ ಇಲ್ಲಿ ಸೂರ್ಯ ಅತಿ ಎತ್ತರಕ್ಕೆ ಬರುವುದು ಸರಾಸರಿ 12 ಗಂಟೆ 21 ನಿಮಿಷಕ್ಕೆ. ನವೆಂಬರ್ 1ರಂದು 12.05ಕ್ಕೇ ಬರುತ್ತದೆ, ಜನವರಿ 26ರಂದು 12.33 ಆಗುತ್ತದೆ. ಸಮಯ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ, ಹತ್ತು ನಿಮಿಷಕ್ಕೊಮ್ಮೆ ತುದಿಗೆ ಸುಣ್ಣದ ಚುಕ್ಕೆ ಇಟ್ಟು ಅತಿ ಗಿಡ್ಡ ನೆರಳು ಯಾವುದೆಂದು ಹುಡುಕಿದರಾಯಿತು. ಕಂಬದ ಕಟ್ಟೆ ಅಗಲವಾಗಿದ್ದರೆ ಗಿಡ್ಡ ನೆರಳು ಕಟ್ಟೆಯ ಮೇಲೇ ಬಿದ್ದು ಅಳತೆ ಕೆಡುತ್ತದೆ, ಆಗ ಒಂದು ಮೀಟರಿನ ಕೋಲನ್ನು ತೂಗುದಾರ ಹಿಡಿದು ನೆಟ್ಟಗೆ ನಿಲ್ಲಿಸಿಕೊಂಡರೆ ಸಾಕು. ಸಮದಿನದ ಹತ್ತಿರ ಬಿಸಿಲು ಸಿಕ್ಕರೆ ಇನ್ನೊಂದು ಚಂದ ಕಾಣುತ್ತದೆ: ಬೆಳಿಗ್ಗೆಯಿಂದ ಸಂಜೆಯವರೆಗೆ ಇಟ್ಟ ಚುಕ್ಕೆಗಳೆಲ್ಲ ಪಶ್ಚಿಮದಿಂದ ಪೂರ್ವಕ್ಕೆ ಒಂದೇ ನೇರ ಗೆರೆಯಲ್ಲಿ ನಿಲ್ಲುತ್ತವೆ. ಮಿಕ್ಕ ಕಾಲದಲ್ಲಿ ಅದು ಬಾಗಿದ ಗೆರೆ. ಮೋಡ ಇದ್ದರೆ ಎರಡು ದಿನ ಹಿಂದೆ ಮುಂದೆ ಮಾಡಿದರೂ ಗೆರೆ ಕೆಡುವುದಿಲ್ಲ.

ಬೆಟ್ಟಗಳ ಸೀಮೆಯಲ್ಲಿ ಇನ್ನೊಂದು ಅನುಕೂಲವಿದೆ. ರಾಮದೇವರ ಬೆಟ್ಟ, ಸಾವನದುರ್ಗ, ಕಬ್ಬಾಳದುರ್ಗ ಹೀಗೆ ದಿಗಂತದಲ್ಲಿ ಕದಲದ ಗುರುತುಗಳು ಎತ್ತ ನೋಡಿದರೂ ಸಿಗುತ್ತವೆ. ಸೂರ್ಯ ಹುಟ್ಟುವ ಜಾಗ ಆರು ತಿಂಗಳಲ್ಲಿ ಇಲ್ಲಿ ಸುಮಾರು 48 ಡಿಗ್ರಿ ಸರಿಯುತ್ತದೆ. ಸಮದಿನದ ಆಸುಪಾಸು ಆ ಸರಿಯುವಿಕೆ ಅತಿ ವೇಗ, ದಿನಕ್ಕೆ ಸುಮಾರು 0.4 ಡಿಗ್ರಿ, ಅಂದರೆ ಸೂರ್ಯಬಿಂಬದ ಅಗಲದ ಮುಕ್ಕಾಲು ಪಾಲು. ಜೂನ್, ಡಿಸೆಂಬರ್ ಕೊನೆಗೆ ವಾರಗಟ್ಟಲೆ ಒಂದೇ ಕಡೆ ನಿಂತಂತೆ ಕಾಣುತ್ತದೆ. ಮಗು ತನ್ನ ಮನೆಯಂಗಳದಿಂದಲೇ ಯಾವ ಬಂಡೆಯ ಪಕ್ಕ ಸೂರ್ಯ ಮೂಡಿದನೆಂದು ವಾರಕ್ಕೊಮ್ಮೆ ಚಿತ್ರ ಬರೆದರೆ ಶಾಲೆಯ ಸಮಯ ಒಂದು ನಿಮಿಷವೂ ಹೋಗುವುದಿಲ್ಲ. ಹಗಲಿರುಳು ಕರಾರುವಾಕ್ಕಾಗಿ ಸಮ ಎಂದು ಹೇಳಿಕೊಡುವುದನ್ನು ಮಾತ್ರ ನಿಲ್ಲಿಸಬೇಕು. ಗಾಳಿಯಲ್ಲಿ ಬೆಳಕು ಬಾಗುವುದರಿಂದಲೂ, ಸೂರ್ಯಬಿಂಬದ ಮೇಲಂಚು ಕಂಡ ಕ್ಷಣವನ್ನೇ ಉದಯವೆಂದು ಎಣಿಸುವುದರಿಂದಲೂ ಮಾರ್ಚ್ 20ರ ಹಗಲು ಇಲ್ಲಿ 12 ಗಂಟೆ 7 ನಿಮಿಷದಷ್ಟಿರುತ್ತದೆ. ನಿಜವಾಗಿ 12 ಗಂಟೆಯ ಹಗಲು ಬರುವುದು ಮಾರ್ಚ್ 10ರ ಹೊತ್ತಿಗೆ ಮತ್ತು ಗಾಂಧಿ ಜಯಂತಿಯ ಹೊತ್ತಿಗೆ. ದಿನಪತ್ರಿಕೆಯ ಸೂರ್ಯೋದಯ–ಸೂರ್ಯಾಸ್ತದ ಸಮಯ ಕಳೆದು ನೋಡಿದ ಮಗು ಇದನ್ನು ಕಂಡುಹಿಡಿದು ಕೇಳಿದಾಗ, ಪುಸ್ತಕದಲ್ಲಿ ಹಾಗಿಲ್ಲ ಎಂದು ಬಾಯಿ ಮುಚ್ಚಿಸಬಾರದು.

ಪಂಚಾಂಗವನ್ನು ತರಗತಿಗೆ ತರಬೇಕೇ ಎಂಬುದು ಹೆಚ್ಚು ಬಿಸಿ ಚರ್ಚೆಯ ವಿಷಯ. ತಂದರೆ ವಿಜ್ಞಾನಕ್ಕೂ ನಂಬಿಕೆಗೂ ಗಂಟು ಬೀಳುತ್ತದೆ ಎಂಬ ಆತಂಕ ನ್ಯಾಯವಾದದ್ದೇ. ಆದರೆ ರೈತನ ಮಕ್ಕಳು ಪಂಚಾಂಗವನ್ನು ಹೊತ್ತುಕೊಂಡೇ ಶಾಲೆಗೆ ಬರುತ್ತಾರೆ. ಭರಣಿ ಮಳೆ, ಆರಿದ್ರಾ ಮಳೆ, ಉತ್ತರೆ ಮಳೆ, ಚಿತ್ತೆ ಮಳೆ ಎಂಬ ಹೆಸರುಗಳು ಅವರ ಕಿವಿಯಲ್ಲಿವೆ. ಇವು ಸೂರ್ಯ ಒಂದೊಂದು ನಕ್ಷತ್ರದಲ್ಲಿರುವ ಹದಿಮೂರು–ಹದಿನಾಲ್ಕು ದಿನಗಳ ಲೆಕ್ಕ. ಯುಗಾದಿ ಚಂದ್ರನ ಲೆಕ್ಕದ ಹಬ್ಬವಾದ್ದರಿಂದ 2024ರಲ್ಲಿ ಏಪ್ರಿಲ್ 9ಕ್ಕೆ ಬಂತು, 2025ರಲ್ಲಿ ಮಾರ್ಚ್ 30ಕ್ಕೆ ಬಂತು. ಭರಣಿ ಮಳೆ ಮಾತ್ರ ಪ್ರತಿ ವರ್ಷವೂ ಏಪ್ರಿಲ್ 27ರ ಆಸುಪಾಸು ಹುಟ್ಟುತ್ತದೆ. ಹಬ್ಬಕ್ಕೆ ಚಂದ್ರನನ್ನು ನೆಚ್ಚಿದ ಜನ ಬಿತ್ತನೆಗೆ ಸೂರ್ಯನನ್ನು ನೆಚ್ಚಿದರು, ಮಳೆ ಸೂರ್ಯನನ್ನು ಹಿಂಬಾಲಿಸುತ್ತದೆಂದು ಕಂಡುಕೊಂಡಿದ್ದರಿಂದ. ಸೆಪ್ಟೆಂಬರ್‌ನ ಸಮದಿನ ಉತ್ತರೆ ಮಳೆಯ ನಡುವೆ ಬೀಳುತ್ತದೆ ಎಂದು ತೋರಿಸಿದರೆ ಮನೆಯ ಲೆಕ್ಕವೂ ಶಾಲೆಯ ಲೆಕ್ಕವೂ ಒಂದೇ ಗೆರೆಯ ಮೇಲೆ ಕೂರುತ್ತವೆ. ಇಂಥ ನಕ್ಷತ್ರದಲ್ಲಿ ಮಳೆ ಬಂದೇ ಬರುತ್ತದೆ ಎಂಬ ಭವಿಷ್ಯವನ್ನು ಒಪ್ಪಬೇಕಿಲ್ಲ. ಶಾಲೆಯಲ್ಲೇ ಮಳೆ ಅಳೆದು ನಾಲ್ಕಾರು ವರ್ಷ ಬರೆದಿಟ್ಟು ಪರೀಕ್ಷಿಸಲಿ.

ಕಠಿಣವಾದ ಪ್ರಶ್ನೆ ಉತ್ತರಾಯಣದ್ದು. ಒಂಟಿಕೊಪ್ಪಲ್ ಪಂಚಾಂಗ ನೋಡುವ ಮನೆಯಲ್ಲಿ ಅದು ಜನವರಿ 14–15ರ ಮಕರ ಸಂಕ್ರಾಂತಿಗೆ, ಭೂಗೋಳದ ಪುಸ್ತಕದಲ್ಲಿ ಡಿಸೆಂಬರ್ 21–22ಕ್ಕೆ. ಯಾವುದು ಸರಿ ಎಂದು ಮಗು ಕೇಳಿದರೆ ಧ್ವಜಕಂಬವೇ ಉತ್ತರ ಹೇಳುತ್ತದೆ: ನೆರಳು ಅತಿ ಉದ್ದವಾಗಿ ತಿರುಗುವುದು ಡಿಸೆಂಬರ್‌ನಲ್ಲಿ. ಸಂಕ್ರಾಂತಿಯ ದಿನ ಸೂರ್ಯ ಇರುವ ಜಾಗಕ್ಕೆ ಅವನು ನವೆಂಬರ್ ಕೊನೆಯಲ್ಲೂ ಒಮ್ಮೆ ಬಂದು ಹೋಗಿರುತ್ತಾನೆ. ಬೆಂಗಳೂರಿನ ಗವಿ ಗಂಗಾಧರೇಶ್ವರ ಗುಡಿಯಲ್ಲಿ ಸಂಕ್ರಾಂತಿ ಸಂಜೆ ನಂದಿಯ ಕೋಡುಗಳ ನಡುವಿಂದ ಒಳಗೆ ಬರುವ ಕಿರಣಕ್ಕೆ ನವೆಂಬರ್‌ನ ಕೊನೆಯ ದಿನಗಳಲ್ಲೂ ಅದೇ ದಾರಿ ತೆರೆದಿರುತ್ತದೆ. ಹಾಗಾದರೆ ಹಿರಿಯರು ತಪ್ಪಿದರೇ? ಇಲ್ಲ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಇದ್ದವು. ಇದನ್ನು ವಿವರಿಸಲು ಚನ್ನಪಟ್ಟಣದಲ್ಲಿ ಹಾಲೆಮರ ಕಡೆದು ಅರಗಿನ ಬಣ್ಣ ಹಾಕಿ ಮಾಡುವ ಬುಗುರಿಗಿಂತ ಒಳ್ಳೆಯ ಸಾಧನ ಇಲ್ಲ. ವೇಗ ಇಳಿದ ಬುಗುರಿ ತಿರುಗುತ್ತಲೇ ತಲೆಯನ್ನು ನಿಧಾನಕ್ಕೆ ಸುತ್ತಿಸುತ್ತದಲ್ಲ, ಭೂಮಿಯ ಅಕ್ಷವೂ ಹಾಗೆಯೇ ಸುಮಾರು 26,000 ವರ್ಷಕ್ಕೊಂದು ಸುತ್ತು ಹಾಕುತ್ತದೆ. ಅದರಿಂದ ನಕ್ಷತ್ರಗಳ ಲೆಕ್ಕ ಋತುಗಳ ಲೆಕ್ಕದಿಂದ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಸರಿಯುತ್ತ, ಮಾಗಡಿ ಕೆಂಪೇಗೌಡರ ಕಾಲದಿಂದ ಈಚೆಗೇ ಆರೇಳು ದಿನ ಜರುಗಿದೆ. ಮಳೆ ನಕ್ಷತ್ರಗಳೂ ಇದೇ ಲೆಕ್ಕಕ್ಕೆ ಸೇರಿದ್ದರಿಂದ ಅವೂ ಮೆಲ್ಲಗೆ ಸರಿಯುತ್ತಿವೆ. ಮೇಘನಾದ ಸಹಾ ಅಧ್ಯಕ್ಷತೆಯ ಸಮಿತಿಯ ಸಲಹೆಯಂತೆ 1957ರಲ್ಲಿ ಬಂದ ನಮ್ಮ ರಾಷ್ಟ್ರೀಯ ಪಂಚಾಂಗ ಚೈತ್ರ ಮೊದಲ ದಿನವನ್ನು ಮಾರ್ಚ್ 22ಕ್ಕೆ, ಅಧಿಕ ವರ್ಷದಲ್ಲಿ 21ಕ್ಕೆ, ಅಂದರೆ ಸಮದಿನದ ಮಗ್ಗುಲಿಗೆ ಕಟ್ಟಿದ್ದು ಈ ಜಾರುವಿಕೆಯನ್ನು ತಡೆಯಲಿಕ್ಕೇ. ಇಷ್ಟನ್ನು ತಿಳಿದ ಮಗು ಪಂಚಾಂಗವನ್ನು ಜರಿಯುವುದೂ ಇಲ್ಲ, ಅದಕ್ಕೆ ಕುರುಡಾಗಿ ಜೋತುಬೀಳುವುದೂ ಇಲ್ಲ. ಪಂಚಾಂಗವನ್ನು ಹೊರಗಿಟ್ಟು ಈ ಹದ ತರಲಾಗದು.

ನೆರಳು ಅಳೆಯುವ ವಿದ್ಯೆ ಹೊಸದೂ ಅಲ್ಲ. ಹನ್ನೆರಡು ಅಂಗುಲದ ಶಂಕು ನಿಲ್ಲಿಸಿ ಸಮದಿನದ ಮಧ್ಯಾಹ್ನದ ನೆರಳನ್ನು ಅಳೆದು ಊರಿನ ಅಕ್ಷಾಂಶ ಕಂಡುಕೊಳ್ಳುವುದು ಸೂರ್ಯಸಿದ್ಧಾಂತದ ಕಾಲದಿಂದ ಬಂದ ಕ್ರಮ. ರಾಮನಗರಕ್ಕೆ ಆ ನೆರಳು ಸುಮಾರು 2.7 ಅಂಗುಲ. ಮೀಟರ್ ಕೋಲಿಗಾದರೆ 22.6 ಸೆಂಟಿಮೀಟರ್. ಇದನ್ನು ಇನ್ನೂ ಮುಂದಕ್ಕೆ ಒಯ್ಯಬಹುದು. ಬೀದರ್ ಹೆಚ್ಚುಕಡಿಮೆ ನಮ್ಮ ರೇಖಾಂಶದಲ್ಲೇ ಇದೆ, ನೇರ ಉತ್ತರಕ್ಕೆ ಸುಮಾರು 576 ಕಿಲೋಮೀಟರ್ ದೂರ. ಅಲ್ಲಿ ಅದೇ ದಿನ ಅದೇ ಕೋಲಿನ ನೆರಳು 32 ಸೆಂಟಿಮೀಟರ್ ದಾಟುತ್ತದೆ. ಎರಡು ಊರಿನ ಶಾಲೆಗಳು ಫೋನಿನಲ್ಲಿ ಅಳತೆ ಹಂಚಿಕೊಂಡರೆ ಕೋನದ ವ್ಯತ್ಯಾಸ ಸುಮಾರು 5.2 ಡಿಗ್ರಿ ಸಿಗುತ್ತದೆ. 360ಕ್ಕೆ ಹಿಗ್ಗಿಸಿದರೆ ಭೂಮಿಯ ಸುತ್ತಳತೆ 40,000 ಕಿಲೋಮೀಟರ್‌ನ ಸಮೀಪ ಬರುತ್ತದೆ, ಎರಟೋಸ್ತನೀಸ್ ಈಜಿಪ್ಟಿನಲ್ಲಿ ಮಾಡಿದ ಲೆಕ್ಕವೇ ಇದು. ಮಾಗಡಿಗೂ ಕನಕಪುರಕ್ಕೂ ನಡುವೆ ಇದನ್ನು ಮಾಡಹೊರಟರೆ ಆಗುವುದಿಲ್ಲ, ನೆರಳಿನ ವ್ಯತ್ಯಾಸ ಎಂಟು ಮಿಲಿಮೀಟರ್ ಮಾತ್ರ, ನೆರಳಿನ ಅಂಚಿನ ಮಬ್ಬೇ ಅಷ್ಟಗಲ. ಬೀದರ್ ಜೊತೆಗೂ ಒಂದು ಸೆಂಟಿಮೀಟರ್ ತಪ್ಪಿದರೆ ಉತ್ತರ ಹತ್ತರಲ್ಲಿ ಒಂದು ಪಾಲು ಕೆಡುತ್ತದೆ. ಮಬ್ಬಿಗೆ ಪರಿಹಾರ ಸುಲಭ: ಕೋಲಿನ ತುದಿಗೆ ಸಣ್ಣ ತೂತು ಮಾಡಿದ ರಟ್ಟಿನ ತುಂಡು ಕಟ್ಟಬೇಕು. ಆಗ ನೆರಳಿನೊಳಗೆ ಸೂರ್ಯನ ದುಂಡನೆಯ ಬೆಳಕಿನ ಬೊಟ್ಟು ಬೀಳುತ್ತದೆ, ಅದರ ನಡುವಿಗೆ ಗುರುತು ಹಾಕಿದರಾಯಿತು. ಕೋಲಿನ ಎತ್ತರವನ್ನು ಅಳೆಯುವಾಗ ಆ ತೂತಿನವರೆಗೆ ಮಾತ್ರ ಅಳೆಯಬೇಕು, ರಟ್ಟಿನ ಮೇಲಂಚಿನವರೆಗಲ್ಲ.